ಮನಸ್ಸಿನ ಕೊರತೆಯೋ, ಮಾರ್ಗದ ತಪ್ಪೋ?

2015ರ ಮಾರ್ಚ್ 21, ಶನಿವಾರ. ಲಂಡನ್ನಿನ ವೈಟ್ ಹಾರ್ಟ್ ಲೇನ್ ಮೈದಾನದಿಂದ ಲೆಸ್ಟರ್ ನಗರಕ್ಕೆ ಹೆಚ್ಚೂಕಡಿಮೆ ನೂರು ಮೈಲಿ. ಆ ದಾರಿಯುದ್ದಕ್ಕೂ ಮಾತನಾಡಲು ಲೆಸ್ಟರ್ ಸಿಟಿ ಕಾಲ್ಚೆಂಡು ತಂಡದ ಅಭಿಮಾನಿಗಳಿಗೆ ಅಂದು ವಿಷಯಕ್ಕೇನೂ ಬರವಿರಲಿಲ್ಲ. ಟಾಟೆನ್‌ಹ್ಯಾಮ್ ವಿರುದ್ಧ, ಅದರ ಮನೆಯಂಗಳದಲ್ಲೇ, ಅವರ ತಂಡ ಮೂರು ಗೋಲು ಹೊಡೆದಿತ್ತು. ಟಾಟೆನ್‌ಹ್ಯಾಮ್ ನಾಲ್ಕು ಹೊಡೆದಿತ್ತು. ಎರಡು ಗೋಲು ಹಿಂದೆ ಬಿದ್ದು, ಬೆನ್ನಟ್ಟಿ ಸಮ ಮಾಡಿ, ಮತ್ತೆ ಹಿಂದೆ ಬಿದ್ದು, ಕೊನೆಗೂ ಒಂದು ಗೋಲಿನಿಂದ ಸೋಲು. ಇಂಗ್ಲೆಂಡಿನ ಪ್ರೀಮಿಯರ್ ಲೀಗ್‌ನ ಇಪ್ಪತ್ತು ತಂಡಗಳ ಪಟ್ಟಿಯಲ್ಲಿ ಲೆಸ್ಟರ್ ಕಟ್ಟಕಡೆಯದು. 29 ಪಂದ್ಯಗಳಿಂದ 19 ಅಂಕ. ಸುರಕ್ಷಿತ ಸ್ಥಾನ ಇನ್ನೂ ಏಳು ಅಂಕ ದೂರ. ಉಳಿದಿದ್ದುದು ಒಂಬತ್ತೇ ಪಂದ್ಯ.

ಹಿಂದಿನ ಋತುವಿನಲ್ಲಷ್ಟೇ ಎರಡನೇ ದರ್ಜೆಯ ಚಾಂಪಿಯನ್ ಆಗಿ, 102 ಅಂಕ ಗಳಿಸಿ, ಮೆರವಣಿಗೆಯಲ್ಲಿ ಮೇಲೆ ಬಂದಿದ್ದ ತಂಡವಿದು. ಅದೇ ಮ್ಯಾನೇಜರ್, ಬಹುಪಾಲು ಅದೇ ಆಟಗಾರರು. ಹಾಗಾದರೆ ಆಗಿದ್ದೇನು? ನೈಜೆಲ್ ಪಿಯರ್ಸನ್ ಎಂಬ ಆ ಮ್ಯಾನೇಜರ್‌ಗೆ ಹುಡುಗರಲ್ಲಿ ಹುಮ್ಮಸ್ಸು ತುಂಬಲು ಬಾರದಾಯಿತೇ? ಅಥವಾ ಅವರನ್ನು ಮೈದಾನದಲ್ಲಿ ನಿಲ್ಲಿಸುವ ಕ್ರಮವೇ ತಪ್ಪಾಗಿತ್ತೇ? ಲೆಸ್ಟರ್‌ನ ಪಬ್ಬುಗಳಲ್ಲಿ, ಬಸ್ಸುಗಳಲ್ಲಿ, ರೇಡಿಯೋಗೆ ಫೋನಾಯಿಸಿ ಸಿಟ್ಟು ತೀರಿಸಿಕೊಳ್ಳುವ ಸಂಜೆಯ ಕಾರ್ಯಕ್ರಮಗಳಲ್ಲಿ ಆ ಚಳಿಗಾಲವಿಡೀ ನಡೆದದ್ದು ಈ ಒಂದೇ ವಾದ.

ನಮ್ಮ ಓದುಗರಲ್ಲಿ ಹಲವರಿಗೆ ಈ ಆತಂಕದ ಆಳ ತಿಳಿಯಲಾರದು. ಐ.ಪಿ.ಎಲ್. ಕ್ರಿಕೆಟ್‌ನಲ್ಲಿ ಕೊನೆಯ ಸ್ಥಾನ ಪಡೆದ ತಂಡ ಮುಂದಿನ ಬೇಸಿಗೆಗೆ ಏನೂ ಆಗಿಲ್ಲವೆಂಬಂತೆ ಹೊಸ ಸಮವಸ್ತ್ರ ತೊಟ್ಟು ಬರುತ್ತದೆ. ಇಂಗ್ಲೆಂಡಿನ ಕಾಲ್ಚೆಂಡಿನಲ್ಲಿ ಹಾಗಿಲ್ಲ. ಋತುವಿಗೆ 38 ಪಂದ್ಯ; ಗೆದ್ದರೆ ಮೂರು ಅಂಕ, ಸಮವಾದರೆ ಒಂದು. ಕೊನೆಗೆ ಪಟ್ಟಿಯ ತಳದ ಮೂರು ತಂಡಗಳಿಗೆ ಕೆಳದರ್ಜೆಗೆ ಹಿಂಬಡ್ತಿ, ಕೆಳಗಿನ ದರ್ಜೆಯ ಮೂವರಿಗೆ ಬಡ್ತಿ. ನಮ್ಮಲ್ಲಿ ರಣಜಿ ಟ್ರೋಫಿಯ ಎಲೀಟ್ ಮತ್ತು ಪ್ಲೇಟ್ ಗುಂಪುಗಳ ನಡುವೆ ನಡೆಯುವ ಏರಿಳಿತ ಬಲ್ಲವರಿಗೆ ಇದು ಅರ್ಥವಾದೀತು. ಆದರೆ ಅಲ್ಲಿನ ಹಣದ ಲೆಕ್ಕ ಬೇರೆ. 2014-15ರಲ್ಲಿ ಪ್ರೀಮಿಯರ್ ಲೀಗ್‌ನ ಕಟ್ಟಕಡೆಯ ತಂಡಕ್ಕೂ ಟಿ.ವಿ. ಮತ್ತಿತರ ಬಾಬ್ತುಗಳಿಂದ ಸಿಕ್ಕ ಪಾಲು ಸುಮಾರು 6.5 ಕೋಟಿ ಪೌಂಡ್. ಕೆಳದರ್ಜೆಯಲ್ಲಿ ಇದರ ಒಂದು ಚೂರಷ್ಟೇ. ಇಳಿದ ತಂಡಗಳಿಗೆ ಕೆಲವು ವರ್ಷ ಪರಿಹಾರದ ಹಣ ಸಿಗುವುದುಂಟು. ಆದರೂ ಒಳ್ಳೆಯ ಆಟಗಾರರು ಕೈಬಿಡುತ್ತಾರೆ, ಕಚೇರಿಯ ನೌಕರರಿಂದ ಹಿಡಿದು ಮೈದಾನದ ಅಡುಗೆಮನೆಯವರವರೆಗೆ ಎಲ್ಲರ ಕೆಲಸಕ್ಕೂ ಕುತ್ತು ಬರುತ್ತದೆ.

ಲೆಸ್ಟರ್ ದೊಡ್ಡ ಊರೇನಲ್ಲ. 2011ರ ಜನಗಣತಿಯಂತೆ ಮೂರೂಕಾಲು ಲಕ್ಷ ಮೀರಿದ ಜನ. ಒಂದು ಕಾಲಕ್ಕೆ ಕಾಲುಚೀಲ, ಹೆಣೆದ ಬಟ್ಟೆ ಮತ್ತು ಪಾದರಕ್ಷೆಗಳ ಕಾರ್ಖಾನೆಗಳಿಗೆ ಹೆಸರಾದ ಊರು. ಅಲ್ಲಿನ ಜನರಲ್ಲಿ ನೂರಕ್ಕೆ 28 ಮಂದಿ ಭಾರತ ಮೂಲದವರು. 1972ರಲ್ಲಿ ಇದಿ ಅಮೀನ್ ಉಗಾಂಡದಿಂದ ಓಡಿಸಿದ ಗುಜರಾತಿ ಕುಟುಂಬಗಳಲ್ಲಿ ಎಷ್ಟೋ ಬಂದು ನೆಲೆಸಿದ್ದು ಇಲ್ಲೇ. ಬೆಲ್‌ಗ್ರೇವ್ ರಸ್ತೆಯ ದೀಪಾವಳಿಗೆ ಇಂದಿಗೂ ಸಾವಿರಾರು ಜನ ಸೇರುತ್ತಾರೆ. ತಂಡ ಹುಟ್ಟಿದ್ದು 1884ರಲ್ಲಿ. 2015ರವರೆಗಿನ 131 ವರ್ಷಗಳಲ್ಲಿ ಒಮ್ಮೆಯೂ ದೇಶದ ಅಗ್ರ ಲೀಗ್ ಗೆದ್ದಿರಲಿಲ್ಲ. ಗೆಲ್ಲುವ ಕನಸೂ ಯಾರಿಗೂ ಇರಲಿಲ್ಲ, ಉಳಿದರೆ ಸಾಕಾಗಿತ್ತು.

ಪಿಯರ್ಸನ್ ಎಂಥ ಮನುಷ್ಯ ಎನ್ನುವುದಕ್ಕೆ ಅವರ ಹಿಂದಿನ ಚರಿತ್ರೆ ಸ್ವಲ್ಪ ತಿಳಿದಿರಬೇಕು. ಆಡುವ ದಿನಗಳಲ್ಲಿ ಗಟ್ಟಿಮುಟ್ಟಾದ ರಕ್ಷಣಾ ಆಟಗಾರ. 1991ರಲ್ಲಿ ಶೆಫೀಲ್ಡ್ ವೆಡ್ನೆಸ್‌ಡೇ ತಂಡದ ನಾಯಕನಾಗಿ ಲೀಗ್ ಕಪ್ ಎತ್ತಿದವರು. ಮ್ಯಾನೇಜರ್ ಆಗಿ ಮೊದಲ ನೌಕರಿ ಕಾರ್ಲೈಲ್ ಯುನೈಟೆಡ್‌ನಲ್ಲಿ, ಅದೂ ಹಿಂಬಡ್ತಿಯ ಬಾಗಿಲಲ್ಲಿ. 1999ರ ಮೇ 8ರಂದು, ಋತುವಿನ ಕೊನೆಯ ಪಂದ್ಯದ ಕೊನೆಯ ಕ್ಷಣದಲ್ಲಿ, ಎರವಲು ಬಂದಿದ್ದ ಗೋಲ್‌ಕೀಪರ್ ಜಿಮ್ಮಿ ಗ್ಲಾಸ್ ತನ್ನ ಗೋಲು ಬಿಟ್ಟು ಓಡಿಬಂದು ಗೋಲು ಹೊಡೆದು ತಂಡವನ್ನು ಉಳಿಸಿದ ಕಥೆ ಇಂಗ್ಲೆಂಡಿನಲ್ಲಿ ಮಕ್ಕಳಿಗೂ ಗೊತ್ತು. ಆ ತಂಡದ ಮ್ಯಾನೇಜರ್ ಪಿಯರ್ಸನ್. 2004-05ರಲ್ಲಿ ವೆಸ್ಟ್ ಬ್ರಾಮ್‌ವಿಚ್ ಕ್ರಿಸ್‌ಮಸ್ ಹೊತ್ತಿಗೆ ತಳದಲ್ಲಿದ್ದೂ ಪಾರಾದಾಗ ಅದರ ತರಬೇತಿ ಬಳಗದಲ್ಲಿದ್ದವರು ಪಿಯರ್ಸನ್. 2008ರ ಮೇ 4ರಂದು ಸೌತಾಂಪ್ಟನ್ ತಂಡವನ್ನು ಕೊನೆಯ ದಿನ ಉಳಿಸಿದವರೂ ಅವರೇ. ಅದೇ ದಿನ, ಸೌತಾಂಪ್ಟನ್ ಉಳಿದದ್ದರಿಂದಲೇ, ಚರಿತ್ರೆಯಲ್ಲಿ ಮೊದಲ ಸಲ ಮೂರನೇ ದರ್ಜೆಗೆ ಬಿದ್ದ ತಂಡ ಯಾವುದು ಗೊತ್ತೇ? ಲೆಸ್ಟರ್! ಮರು ತಿಂಗಳೇ ಲೆಸ್ಟರ್‌ನವರು ಅವರನ್ನು ಕರೆಸಿಕೊಂಡರು. ಮನೆಗೆ ಕನ್ನ ಹಾಕಿದವನನ್ನೇ ಕಾವಲಿಗಿಟ್ಟ ಹಾಗೆ ಎನ್ನಬಹುದಾಗಿತ್ತು. ಆದರೆ ಕಾವಲು ಚೆನ್ನಾಗಿಯೇ ನಡೆಯಿತು. ಒಂದೇ ವರ್ಷದಲ್ಲಿ ತಂಡ ಮೇಲೆ ಬಂತು. ನಡುವೆ ಹಲ್‌ಗೆ ಹೋಗಿ, 2011ರ ನವೆಂಬರ್‌ನಲ್ಲಿ ಮರಳಿ, 2014ರಲ್ಲಿ ತಂಡವನ್ನು ಅಗ್ರ ದರ್ಜೆಗೇ ತಂದರು.

ಆರಂಭವೂ ಅಬ್ಬರದ್ದೇ. ಸೆಪ್ಟೆಂಬರ್ 21ರಂದು ಮ್ಯಾಂಚೆಸ್ಟರ್ ಯುನೈಟೆಡ್ ವಿರುದ್ಧ 1-3ರಿಂದ ಹಿಂದಿದ್ದ ಲೆಸ್ಟರ್ ಕೊನೆಯ ಅರ್ಧ ಗಂಟೆಯಲ್ಲಿ ನಾಲ್ಕು ಗೋಲು ಹೊಡೆದು 5-3ರಿಂದ ಗೆದ್ದಿತು. ಜೇಮಿ ವಾರ್ಡಿ ಎಂಬ, ಕೆಲವೇ ವರ್ಷಗಳ ಹಿಂದೆ ಕಾರ್ಖಾನೆಯಲ್ಲಿ ದುಡಿಯುತ್ತ ಊರ ಸಣ್ಣ ತಂಡಕ್ಕೆ ಆಡುತ್ತಿದ್ದ ಯುವಕ ಅಂದು ದೇಶಕ್ಕೆ ಪರಿಚಯವಾದ. ಐದು ಪಂದ್ಯಗಳಿಂದ ಎಂಟು ಅಂಕ.

ಆಮೇಲೆ ಹದಿಮೂರು ಪಂದ್ಯಗಳಲ್ಲಿ ಒಂದೂ ಗೆಲುವಿಲ್ಲ. ಎರಡು ಸಮ, ಹನ್ನೊಂದು ಸೋಲು. ಕ್ರಿಸ್‌ಮಸ್ ದಿನ ಹತ್ತು ಅಂಕ, ಕೊನೆಯ ಸ್ಥಾನ. ಪ್ರೀಮಿಯರ್ ಲೀಗ್‌ನಲ್ಲಿ ಕ್ರಿಸ್‌ಮಸ್‌ಗೆ ತಳದಲ್ಲಿದ್ದೂ ಉಳಿದ ತಂಡಗಳು ಅದುವರೆಗೆ ಎರಡೇ: 2004-05ರ ವೆಸ್ಟ್ ಬ್ರಾಮ್‌ವಿಚ್, 2013-14ರ ಸಂಡರ್‌ಲೆಂಡ್.

ಮೊದಲ ಪಕ್ಷ: 'ಹುಡುಗರಿಗೆ ಮನಸ್ಸಿಲ್ಲ'

ಇಂಥ ಹೊತ್ತಿನಲ್ಲಿ ಅಭಿಮಾನಿಯ ಬಾಯಿಗೆ ಮೊದಲು ಬರುವ ಮಾತು ಒಂದೇ. ಇವರಿಗೆ ಛಲವಿಲ್ಲ. ಅಂಗಿಯ ಮೇಲಿನ ಲಾಂಛನಕ್ಕೆ ಬೆಲೆ ಕೊಡುವುದಿಲ್ಲ. ಮ್ಯಾನೇಜರ್‌ನ ಮಾತು ಡ್ರೆಸ್ಸಿಂಗ್ ರೂಮಿನಲ್ಲಿ ನಡೆಯುತ್ತಿಲ್ಲ. ಈ ಪಕ್ಷದವರ ಕೈಗೆ ಪಿಯರ್ಸನ್ ತಾವಾಗಿಯೇ ಕೋಲು ಕೊಟ್ಟರು. ಡಿಸೆಂಬರ್ 2ರಂದು ಲಿವರ್‌ಪೂಲ್ ವಿರುದ್ಧ ಸ್ವಂತ ಮೈದಾನದಲ್ಲೇ 1-3ರಿಂದ ಸೋಲುತ್ತಿದ್ದಾಗ, ಹೀಯಾಳಿಸಿದ ಲೆಸ್ಟರ್ ಅಭಿಮಾನಿಯೊಬ್ಬನಿಗೆ ಅವರು ಅಚ್ಚು ಮಾಡಲಾಗದ ಮಾತಿನಲ್ಲಿ 'ಹೋಗಿ ಸಾಯಿ' ಎಂಬರ್ಥದ ಉತ್ತರ ಕೊಟ್ಟರು. ಕಾಲ್ಚೆಂಡು ಸಂಸ್ಥೆ 10,000 ಪೌಂಡ್ ದಂಡ ಹಾಕಿ, ಒಂದು ಪಂದ್ಯಕ್ಕೆ ಮೈದಾನದಂಚಿಗೆ ಬರದಂತೆ ನಿಷೇಧಿಸಿತು. ಫೆಬ್ರುವರಿ 7ರಂದು ಕ್ರಿಸ್ಟಲ್ ಪ್ಯಾಲೇಸ್ ವಿರುದ್ಧದ ಪಂದ್ಯದಲ್ಲಿ, ಓಡಿಬಂದು ತಮಗೆ ಢಿಕ್ಕಿ ಹೊಡೆದು ಬಿದ್ದ ಎದುರಾಳಿ ಆಟಗಾರ ಜೇಮ್ಸ್ ಮೆಕಾರ್ಥರ್ ಅವರ ಕತ್ತಿನ ಪಟ್ಟಿಗೆ ಕೈಹಾಕಿದರು. ತಮಾಷೆಗೆ ಎಂದರು, ಕ್ಯಾಮೆರಾದಲ್ಲಿ ಅದು ತಮಾಷೆಯಂತೆ ಕಾಣಲಿಲ್ಲ. ಮರುದಿನ ರಾತ್ರಿ ಅವರನ್ನು ಕಿತ್ತುಹಾಕಲಾಗಿದೆ ಎಂಬ ಸುದ್ದಿ ದೇಶವಿಡೀ ಹಬ್ಬಿತು. ಕೆಲವೇ ತಾಸುಗಳಲ್ಲಿ ಸುದ್ದಿ ಸುಳ್ಳೆಂದು ಕ್ಲಬ್ ಹೇಳಿತು.

ತನ್ನ ಸಿಟ್ಟನ್ನೇ ಹತೋಟಿಯಲ್ಲಿಡಲಾರದವನು ಇಪ್ಪತ್ತೈದು ಹುಡುಗರ ಮನಸ್ಸನ್ನು ಹೇಗೆ ಹದವಾಗಿಟ್ಟಾನು? ಪ್ರಶ್ನೆ ನ್ಯಾಯವಾದದ್ದೇ. ಅಭಿಮಾನಿಯೂ ಸುಮ್ಮನೆ ಬೈಯುವವನಲ್ಲ. ತಿಂಗಳ ಸಂಬಳದಲ್ಲಿ ಟಿಕೆಟ್ಟಿಗೆ ಎತ್ತಿಟ್ಟು, ಮಗನನ್ನೋ ಮಗಳನ್ನೋ ಕೈಹಿಡಿದು ಮಳೆಯಲ್ಲಿ ಕೂತು ಸೋಲು ನೋಡಿದವನು.

ಆದರೆ ಅಂಕಿಗಳು ಈ ಪಕ್ಷದ ಕೈ ಹಿಡಿಯುವುದಿಲ್ಲ. ಆ 29 ಪಂದ್ಯಗಳಲ್ಲಿ ಲೆಸ್ಟರ್ ಸೋತದ್ದು 18. ಅವುಗಳಲ್ಲಿ ಹತ್ತು ಒಂದೇ ಗೋಲಿನ ಅಂತರದವು. ಉಳಿದ ಎಂಟು ಎರಡು ಗೋಲಿನವು. ಮೂರು ಗೋಲುಗಳ ಅಂತರದಲ್ಲಿ ಒಂದು ಸಲವೂ ಸೋತಿರಲಿಲ್ಲ. ಮನಸ್ಸು ಕಳೆದುಕೊಂಡ ತಂಡ ಹೀಗೆ ಸೋಲುವುದಿಲ್ಲ. ಅದು ನಾಲ್ಕು, ಐದು, ಆರು ಗೋಲು ತಿನ್ನುತ್ತದೆ. ಎರಡನೇ ಗೋಲು ಬಿದ್ದೊಡನೆ ಕಾಲೆಳೆಯುತ್ತದೆ. ಹೊಸ ವರ್ಷದ ದಿನ ಲಿವರ್‌ಪೂಲ್‌ನಲ್ಲಿ 0-2ರಿಂದ ಹಿಂದಿದ್ದು 2-2 ಮಾಡಿದ ತಂಡಕ್ಕೆ ಛಲವಿಲ್ಲ ಎನ್ನಲು ಬಾಯಿ ಬರಬಾರದು.

ಇದನ್ನು ನಮ್ಮ ಮನೆಗಳಿಗೆ ಹೋಲಿಸಿ ನೋಡಬಹುದು. ಮಗಳ ಗಣಿತದ ಅಂಕ ಇಳಿದ ಕೂಡಲೇ 'ಮನಸ್ಸಿಟ್ಟು ಓದುವುದಿಲ್ಲ' ಎಂಬ ತೀರ್ಪು ಸಿದ್ಧವಿರುತ್ತದೆ. ರಾತ್ರಿ ಹನ್ನೊಂದರವರೆಗೆ ದೀಪ ಉರಿಯುತ್ತಿದ್ದುದು ಆಗ ಯಾರ ನೆನಪಿಗೂ ಬಾರದು. ಓದುವ ಕ್ರಮ ಎಲ್ಲಿ ತಪ್ಪಿದೆ ಎಂದು ತಿಳಿಯಬೇಕಾದರೆ ಪಕ್ಕದಲ್ಲಿ ಕೂತು ಅವಳು ಲೆಕ್ಕ ಬಿಡಿಸುವುದನ್ನು ನೋಡಬೇಕು. ಮನಸ್ಸಿಲ್ಲ ಎನ್ನಲು ಅಷ್ಟು ಶ್ರಮ ಬೇಡ.

ಎರಡನೇ ಪಕ್ಷ: 'ನಿಲ್ಲಿಸಿದ ರೀತಿಯೇ ಸರಿಯಿಲ್ಲ'

ಈ ಪಕ್ಷದವರು ಕಾಗದದ ಮೇಲೆ ಚುಕ್ಕಿ ಇಟ್ಟು ತೋರಿಸುವ ಪೈಕಿ. ಇವರ ದೂರು ಹಲವು. ಪಿಯರ್ಸನ್ ವಾರವಾರ ತಂಡ ಬದಲಿಸುತ್ತಾರೆ. ನಾಲ್ವರು ಹಿಂದೆ, ನಾಲ್ವರು ನಡುವೆ, ಇಬ್ಬರು ಮುಂದೆ ಎಂಬ ಹಳೆಯ ವ್ಯೂಹ ಒಂದು ವಾರ, ಮುಂದೆ ಒಬ್ಬನನ್ನೇ ನಿಲ್ಲಿಸಿದ ವ್ಯೂಹ ಇನ್ನೊಂದು ವಾರ. ಜನವರಿಯಲ್ಲಿ ಸುಮಾರು 90 ಲಕ್ಷ ಪೌಂಡ್ ಕೊಟ್ಟು ತಂದ ಕ್ರೊಯೇಷಿಯಾದ ಆಂದ್ರೇ ಕ್ರಾಮರಿಚ್‌ಗೆ ಬೆಂಚೇ ಗತಿ. ಆಸ್ಟನ್ ವಿಲ್ಲಾದಿಂದ ಬಂದ ಮಾರ್ಕ್ ಆಲ್‌ಬ್ರೈಟನ್ ಎಂಬ ಅಂಚಿನ ಓಟಗಾರನನ್ನು ತಿಂಗಳುಗಟ್ಟಲೆ ಮರೆತೇ ಬಿಟ್ಟಿದ್ದಾರೆ. ಇಟಲಿಯ ಇಂಟರ್ ಮಿಲಾನ್ ಪರ 2010ರಲ್ಲಿ ಯುರೋಪಿನ ಚಾಂಪಿಯನ್ಸ್ ಲೀಗ್ ಗೆದ್ದ ಅರ್ಜೆಂಟೀನಾದ ಎಸ್ತೆಬಾನ್ ಕಾಂಬಿಯಾಸೋ ನಡುವಿನಲ್ಲಿದ್ದರೂ ಅವರ ಸುತ್ತ ಓಡುವವರು ಸಾಲದು.

ಇಂಗ್ಲಿಷ್ ಕಾಲ್ಚೆಂಡಿನಲ್ಲಿ ಮ್ಯಾನೇಜರ್ ಎಂದರೆ ಕಡತ ನೋಡುವವನಲ್ಲ; ಯಾರು ಆಡಬೇಕು, ಎಲ್ಲಿ ನಿಲ್ಲಬೇಕು, ಚೆಂಡು ಕಳೆದುಕೊಂಡಾಗ ಯಾರು ಎತ್ತ ಓಡಬೇಕು ಎಂದು ತೀರ್ಮಾನಿಸುವವನು. ಹೀಗಾಗಿ ಈ ದೂರುಗಳೆಲ್ಲ ನೇರವಾಗಿ ಪಿಯರ್ಸನ್‌ಗೇ ತಗಲುವಂಥವು. ಆದರೆ ಈ ಪಕ್ಷದವರಿಗೂ ಒಂದು ತೊಡಕಿತ್ತು. ಹತ್ತು ಜನ ಸೇರಿದರೆ ಹತ್ತು ವ್ಯೂಹ. ಒಬ್ಬನ ರಾಮಬಾಣ ಇನ್ನೊಬ್ಬನಿಗೆ ಮೂರ್ಖತನ.

ಮೂರನೆಯ ಸಣ್ಣ ಗುಂಪೊಂದಿತ್ತು. ತಾಳ್ಮೆ ಎನ್ನುವವರದು. ಗೋಲ್‌ಕೀಪರ್ ಕ್ಯಾಸ್ಪರ್ ಷ್ಮೈಕೆಲ್ ಡಿಸೆಂಬರ್‌ನಲ್ಲಿ ಪಾದದ ಮೂಳೆ ಮುರಿದುಕೊಂಡು ಮಾರ್ಚ್‌ವರೆಗೆ ಹೊರಗಿದ್ದುದನ್ನು ಇವರು ನೆನಪಿಸುತ್ತಿದ್ದರು. ಒಂದು ಗೋಲಿನ ಸೋಲುಗಳು ಯಾವಾಗಲಾದರೂ ಒಂದು ಗೋಲಿನ ಗೆಲುವುಗಳಾಗಬಹುದು ಎನ್ನುತ್ತಿದ್ದರು. ತಂಡದ ಥಾಯ್ ಮಾಲೀಕರಾದ ಶ್ರೀವದ್ಧನಪ್ರಭಾ ಕುಟುಂಬದವರು ಹೆಚ್ಚುಕಡಿಮೆ ಈ ಗುಂಪಿಗೇ ಸೇರಿದವರಿರಬೇಕು. ಬೇರೆ ಕ್ಲಬ್‌ಗಳಲ್ಲಿ ಮೂರು ಸೋಲಿಗೆ ಹೋಗುವ ಮ್ಯಾನೇಜರ್ ಇಲ್ಲಿ ಹದಿಮೂರು ಪಂದ್ಯಗಳ ಬರಗಾಲದಲ್ಲೂ ಉಳಿದರು.

ರಾಜನ ಸಂಸ್ಕಾರ

ಇಷ್ಟರಲ್ಲಿ ಊರಲ್ಲಿ ಇನ್ನೊಂದು ಘಟನೆ ನಡೆಯಿತು. 1485ರಲ್ಲಿ ಬಾಸ್‌ವರ್ತ್ ಕದನದಲ್ಲಿ ಸತ್ತ ಇಂಗ್ಲೆಂಡಿನ ದೊರೆ ಮೂರನೇ ರಿಚರ್ಡ್‌ನ ಅಸ್ಥಿಪಂಜರ 2012ರಲ್ಲಿ ಲೆಸ್ಟರ್‌ನ ಒಂದು ಕಾರ್ ನಿಲ್ದಾಣದ ಅಡಿಯಲ್ಲಿ ಸಿಕ್ಕಿತ್ತು. ಅದನ್ನು 2015ರ ಮಾರ್ಚ್ 26ರಂದು ಸಕಲ ಮರ್ಯಾದೆಗಳೊಂದಿಗೆ ನಗರದ ಕೆಥೆಡ್ರಲ್‌ನಲ್ಲಿ ಮತ್ತೆ ಮಣ್ಣು ಮಾಡಿದರು. ಟಾಟೆನ್‌ಹ್ಯಾಮ್ ಸೋಲಾಗಿ ಐದೇ ದಿನ. ಮುಂದಿನ ಪಂದ್ಯ ಏಪ್ರಿಲ್ 4ಕ್ಕೆ.

ಆ ಪಂದ್ಯದಲ್ಲಿ ವೆಸ್ಟ್ ಹ್ಯಾಮ್ ವಿರುದ್ಧ ಲೆಸ್ಟರ್ ಪೆನಾಲ್ಟಿಯೊಂದನ್ನು ಹಾಳು ಮಾಡಿಕೊಂಡೂ, 86ನೇ ನಿಮಿಷದಲ್ಲಿ ಆಂಡಿ ಕಿಂಗ್ ಹೊಡೆದ ಗೋಲಿನಿಂದ 2-1ರಿಂದ ಗೆದ್ದಿತು. ಒಂದು ವಾರದ ನಂತರ ವೆಸ್ಟ್ ಬ್ರಾಮ್‌ವಿಚ್‌ನಲ್ಲಿ ಎರಡು ಸಲ ಹಿಂದೆ ಬಿದ್ದು, ಕೊನೆಯ ಹತ್ತು ಹನ್ನೆರಡು ನಿಮಿಷಗಳಲ್ಲಿ ಎರಡು ಗೋಲು ಹೊಡೆದು 3-2. ಗೆಲುವಿನ ಗೋಲು 90 ನಿಮಿಷ ದಾಟಿದ ಮೇಲೆ, ವಾರ್ಡಿಯಿಂದ. ಏಪ್ರಿಲ್ 18ರಂದು ಸ್ವಾನ್ಸೀ ವಿರುದ್ಧ 2-0; ನವೆಂಬರ್ 29ರಿಂದ ಅಂದರೆ 140 ದಿನಗಳಿಂದ ಅಂಟಿಕೊಂಡಿದ್ದ ತಳದ ಸ್ಥಾನ ಅಂದು ಬಿಟ್ಟಿತು. ಏಪ್ರಿಲ್ 25ರಂದು ಬರ್ನ್‌ಲಿಯಲ್ಲಿ ನಡೆದದ್ದನ್ನು ಕಥೆಯಲ್ಲಿ ಬರೆದರೆ ಸಂಪಾದಕರು ಕತ್ತರಿಸುತ್ತಾರೆ. ಬರ್ನ್‌ಲಿಗೆ ಪೆನಾಲ್ಟಿ ಸಿಕ್ಕಿತು. ಮ್ಯಾಟ್ ಟೇಲರ್ ಹೊಡೆದ ಚೆಂಡು ಕಂಬಕ್ಕೆ ಬಡಿಯಿತು. ಸುಮಾರು ಒಂದೇ ನಿಮಿಷದಲ್ಲಿ ಆಟ ಮೈದಾನದ ಇನ್ನೊಂದು ತುದಿಗೆ ಹೋಗಿ ವಾರ್ಡಿ ಗೋಲು ಹೊಡೆದರು. ಪಂದ್ಯ 1-0. ಬರ್ನ್‌ಲಿ ಆ ವರ್ಷ ಕೆಳಗಿಳಿಯಿತು.

ನಾಲ್ಕು ಪಂದ್ಯ, ನಾಲ್ಕು ಗೆಲುವು. ದೊರೆಗೆ ಸದ್ಗತಿ ಸಿಕ್ಕಿದ್ದೇ ಕಾರಣ ಎಂದು ಲೆಸ್ಟರ್‌ನಲ್ಲಿ ಅರ್ಧ ತಮಾಷೆಗೆ, ಅರ್ಧ ನಂಬಿಕೆಯಿಂದ ಹೇಳತೊಡಗಿದರು. ಪ್ರೇರಣೆ, ತಂತ್ರ ಎರಡೂ ಬೇಡದ ನಾಲ್ಕನೇ ಪಕ್ಷ! ಗ್ರಹಗತಿ ನೋಡಿ ಹಾಲ್ ಟಿಕೆಟ್ ತರಲು ಹೋಗುವ ನಮಗೆ ನಗುವ ಹಕ್ಕಿಲ್ಲ.

ದೊರೆಯನ್ನು ಬದಿಗಿಟ್ಟು ಮೈದಾನವನ್ನು ನೋಡಿದರೆ ಬದಲಾದದ್ದು ಕಣ್ಣಿಗೆ ಕಾಣುವಂಥದ್ದು. ಋತುವಿನ ಈ ಕೊನೆಯ ಭಾಗದಲ್ಲಿ ಪಿಯರ್ಸನ್ ಹಿಂದೆ ನಾಲ್ವರ ಬದಲು ಮೂವರನ್ನು ನಿಲ್ಲಿಸಿದರು. ನಾಯಕ ವೆಸ್ ಮಾರ್ಗನ್, ಪೋಲೆಂಡಿನ ಮಾರ್ಸಿನ್ ವಾಸಿಲೆವ್‌ಸ್ಕಿ ಮತ್ತು ಫೆಬ್ರುವರಿ ಮೊದಲಿಗೆ ಸ್ಟೋಕ್‌ನಿಂದ ಎರವಲು ಬಂದ ಜರ್ಮನಿಯ ರಾಬರ್ಟ್ ಹೂತ್. ಮೂವರೂ ಆಜಾನುಬಾಹುಗಳು, ಮೂವರೂ ಓಟದಲ್ಲಿ ನಿಧಾನ. ಇಬ್ಬರೇ ನಿಂತಾಗ ನಡುವಿನ ಜಾಗ ಮುಚ್ಚಲು ಓಡಬೇಕಿತ್ತು. ಮೂವರಾದ ಮೇಲೆ ಓಡುವ ಅಗತ್ಯವೇ ಕಡಿಮೆಯಾಯಿತು, ಗಾಳಿಯಲ್ಲಿ ಬಂದ ಚೆಂಡನ್ನು ತಲೆಯಿಂದ ಹೊರದಬ್ಬಿದರೆ ಆಯಿತು. ಕೊರತೆಯನ್ನು ತಿದ್ದುವ ಬದಲು ಕೊರತೆ ಕಾಣದ ಜಾಗದಲ್ಲಿ ನಿಲ್ಲಿಸಿದ್ದು ಇದು. ಮರೆತುಹೋಗಿದ್ದ ಆಲ್‌ಬ್ರೈಟನ್ ಬಲ ಅಂಚಿಗೆ, ಜೆಫ್ರಿ ಶ್ಲಪ್ ಎಡ ಅಂಚಿಗೆ. ಬೆನ್ನ ಹಿಂದೆ ಮೂವರಿದ್ದಾರೆಂಬ ಧೈರ್ಯದಿಂದ ಇಬ್ಬರೂ ಮೈದಾನದ ಉದ್ದಕ್ಕೂ ಓಡಿದರು. ನಡುವೆ ಕಾಂಬಿಯಾಸೋಗೆ ಕಾಲು ಕೊಡುವವರು ಸಿಕ್ಕರು. ಮುಂದೆ ವಾರ್ಡಿಯ ಜೊತೆ ಇನ್ನೊಬ್ಬ ಸ್ಟ್ರೈಕರ್. ಚೆಂಡು ಕಳೆದುಕೊಂಡ ಕೂಡಲೇ ಎದುರಾಳಿಯ ರಕ್ಷಕರ ಮೇಲೆ ಇಬ್ಬರೂ ಬೀಳುತ್ತಿದ್ದರು.

ಹಾಗಿದ್ದರೆ ತಂತ್ರದ ಪಕ್ಷವೇ ಗೆದ್ದಿತೇ? ಎದುರಾಳಿಗಳು ಸುಲಭದವರಿದ್ದರು ಎಂದು ಮೂಗು ಮುರಿದವರಿದ್ದರು. ಪ್ರಶ್ನೆಪತ್ರಿಕೆ ಸುಲಭವಿತ್ತು ಎನ್ನುವ ಹಾಗೆ. ಕೊನೆಯ ಒಂಬತ್ತರಲ್ಲಿ ಚೆಲ್ಸಿ ಬಿಟ್ಟರೆ ದಿಗ್ಗಜರಾರೂ ಇರಲಿಲ್ಲ, ನಿಜ. ಆದರೆ ಈ ಮಾತಿಗೆ ಉತ್ತರ ಲೀಗ್‌ನ ಪಟ್ಟಿಯಲ್ಲೇ ಇದೆ. ಪ್ರತಿ ತಂಡದ ವಿರುದ್ಧವೂ ಎರಡು ಸಲ ಆಡಬೇಕಾದ್ದರಿಂದ, ಇದೇ ಒಂಬತ್ತು ತಂಡಗಳನ್ನು ಲೆಸ್ಟರ್ ಮೊದಲ ಸುತ್ತಿನಲ್ಲೂ ಎದುರಿಸಿತ್ತು. ಆಗ ಏಳು ಸೋಲು, ಎರಡು ಸಮ. ಒಟ್ಟು ಎರಡು ಅಂಕ. ವಸಂತದಲ್ಲಿ ಅದೇ ಒಂಬತ್ತು ತಂಡಗಳ ವಿರುದ್ಧ ಏಳು ಗೆಲುವು, ಒಂದು ಸಮ, ಒಂದು ಸೋಲು. 22 ಅಂಕ! ಮೊದಲ ಸುತ್ತಿನಲ್ಲಿ ಈ ಒಂಬತ್ತರಲ್ಲಿ ಆರು ಪಂದ್ಯ ಪರಸ್ಥಳದಲ್ಲಿದ್ದವು, ಎರಡನೇ ಸುತ್ತಿನಲ್ಲಿ ಆರು ಸ್ವಂತ ಮೈದಾನದಲ್ಲಿ ಎಂಬ ರಿಯಾಯಿತಿ ಕೊಟ್ಟರೂ, ಎರಡರಿಂದ ಇಪ್ಪತ್ತೆರಡಕ್ಕೆ ಏರಿದ್ದನ್ನು ಮನೆಯಂಗಳದ ಅನುಕೂಲವೊಂದೇ ವಿವರಿಸಲಾರದು. ಪ್ರಶ್ನೆಪತ್ರಿಕೆ ಅದೇ ಇತ್ತು, ಉತ್ತರ ಬರೆದ ಕ್ರಮ ಬೇರೆಯಾಗಿತ್ತು.

ಹಾಗೆಂದು ಮನಸ್ಸಿನ ಮಾತನ್ನು ಪೂರ್ತಿ ತಳ್ಳಿಹಾಕುವುದೂ ಆಗದು. ಹದಿನೆಂಟು ಸಲ ಸೋತ ಆಟಗಾರ 86ನೇ ನಿಮಿಷದಲ್ಲೂ ಎದುರಾಳಿಯ ಪೆನಾಲ್ಟಿ ಚೌಕದೊಳಗೆ ಓಡುತ್ತಾನೆ ಎಂದರೆ ಅವನಲ್ಲಿ ಏನೋ ಉಳಿದಿರಬೇಕು. ಅದನ್ನು ಚಳಿಗಾಲವಿಡೀ ಆರದಂತೆ ಕಾಪಾಡಿದವರು, ಅಭಿಮಾನಿಗಳ ಕಣ್ಣಿಗೆ ಬರೀ ಸಿಡುಕನಂತೆ ಕಂಡ ಅದೇ ಪಿಯರ್ಸನ್. ಹೊರಗಿನವರ ಮೇಲೆ ಎಗರಾಡುತ್ತಿದ್ದ ಮನುಷ್ಯ ಒಳಗೆ ತನ್ನ ಆಟಗಾರರನ್ನು ಸಾರ್ವಜನಿಕವಾಗಿ ಹರಾಜು ಹಾಕುವವರಲ್ಲ. ಬೈಗುಳವೆಲ್ಲ ಅವರ ಪಾಲಿಗೆ, ಆಟ ಹುಡುಗರ ಪಾಲಿಗೆ. ಇದು ಉದ್ದೇಶಪೂರ್ವಕವೋ ಸ್ವಭಾವವೋ ಎಂಬುದೇ ಅಭಿಮಾನಿಗಳ ನಡುವೆ ಇನ್ನೊಂದು ಸುತ್ತಿನ ಚರ್ಚೆಗೆ ವಸ್ತುವಾಯಿತು.

ಅದಕ್ಕೆ ಸಾಕ್ಷಿಯೆಂಬಂತೆ ಏಪ್ರಿಲ್ 29ರ ರಾತ್ರಿ. ಚಾಂಪಿಯನ್ ಪಟ್ಟದತ್ತ ಸಾಗಿದ್ದ ಚೆಲ್ಸಿ ವಿರುದ್ಧ ಮೊದಲು ಮುನ್ನಡೆ ಪಡೆದು ಕೊನೆಗೆ 1-3ರಿಂದ ಸೋತ ಮೇಲೆ, ಪತ್ರಿಕಾಗೋಷ್ಠಿಯಲ್ಲಿ ತಂಡದ ಮೇಲಿನ ಟೀಕೆಯ ಬಗ್ಗೆ ಯಾವ ಟೀಕೆ ಎಂದು ಕೇಳಿದ ವರದಿಗಾರನೊಬ್ಬನನ್ನು ಪಿಯರ್ಸನ್ ಉಷ್ಟ್ರಪಕ್ಷಿಗೆ ಹೋಲಿಸಿದರು. ಮರಳಿನಲ್ಲಿ ತಲೆ ಹುದುಗಿಸಿಕೊಂಡಿದ್ದೀಯಾ ಎಂಬರ್ಥದಲ್ಲಿ. ದೇಶಕ್ಕೆ ದೇಶವೇ ನಕ್ಕಿತು. ಮರುದಿನ ಅವರು ಕ್ಷಮೆ ಕೇಳಿದರು. ನಗೆಯ ಗದ್ದಲದಲ್ಲಿ ತಂಡ ಸೋತದ್ದು ಮರೆತೇ ಹೋಯಿತು. ಮೂರು ದಿನಗಳ ನಂತರ ನ್ಯೂಕಾಸಲ್ ವಿರುದ್ಧ 3-0. ಆಮೇಲೆ ಸೌತಾಂಪ್ಟನ್ ವಿರುದ್ಧ 2-0. ಮೇ 16ರಂದು ಸಂಡರ್‌ಲೆಂಡ್‌ನಲ್ಲಿ ಗೋಲಿಲ್ಲದ ಸಮಪಂದ್ಯ, ಲೆಸ್ಟರ್ ಉಳಿಯಿತು. ಕೊನೆಯ ದಿನ ಆಗಲೇ ಕೆಳಗಿಳಿದಿದ್ದ ಕ್ವೀನ್ಸ್ ಪಾರ್ಕ್ ರೇಂಜರ್ಸ್ ವಿರುದ್ಧ 5-1. ಒಟ್ಟು 41 ಅಂಕ, 14ನೇ ಸ್ಥಾನ. ಡಿಸೆಂಬರ್‌ನಲ್ಲಿ ಮ್ಯಾನೇಜರ್‌ನ ತಲೆ ಕೇಳಿದವರೇ ಮೇ ತಿಂಗಳಲ್ಲಿ ಅವರ ಹೆಸರಿನ ಘೋಷಣೆ ಕೂಗಿದರು.

ಮುಗಿಯದ ವಾದ

ಇಲ್ಲಿಗೆ ಕಥೆ ಮುಗಿಯಬೇಕಿತ್ತು. ಋತು ಮುಗಿದ ಮೇಲೆ ತಂಡ ಥಾಯ್ಲೆಂಡ್ ಪ್ರವಾಸ ಹೋದಾಗ ಮೂವರು ಯುವ ಆಟಗಾರರು ಜನಾಂಗೀಯ ನಿಂದನೆಯ ನಾಚಿಕೆಗೇಡಿನ ಪ್ರಕರಣವೊಂದರಲ್ಲಿ ಸಿಕ್ಕಿಬಿದ್ದು ಕೆಲಸ ಕಳೆದುಕೊಂಡರು. ಅವರಲ್ಲೊಬ್ಬ ಪಿಯರ್ಸನ್‌ರ ಮಗ. ಜೂನ್ 30ರಂದು ಪಿಯರ್ಸನ್ ಅವರನ್ನೂ ಕ್ಲಬ್ ಕೈಬಿಟ್ಟಿತು. ದೃಷ್ಟಿಕೋನದ ಮೂಲಭೂತ ಭಿನ್ನತೆ ಎಂದಷ್ಟೇ ಕಾರಣ ಕೊಟ್ಟಿತು. ಜುಲೈನಲ್ಲಿ ಬಂದವರು ಇಟಲಿಯ ಕ್ಲಾಡಿಯೋ ರಾನಿಯೇರಿ, ಮೃದು ಮಾತಿನ ಹಿರಿಯರು. ಅವರ ಹಿಂದಿನ ನೌಕರಿ ಗ್ರೀಸ್ ದೇಶದ ತಂಡ. ಪುಟ್ಟ ಫ್ಯಾರೋ ದ್ವೀಪಗಳಿಗೆ ಸೋತು ಅದನ್ನು ಕಳೆದುಕೊಂಡಿದ್ದರು. ಅಭಿಮಾನಿಗಳು ತಲೆ ಚಚ್ಚಿಕೊಂಡರು.

ಮುಂದಿನದು ಲೋಕಕ್ಕೇ ಗೊತ್ತು. ಬಾಜಿಗಾರರು ಒಂದಕ್ಕೆ ಐದು ಸಾವಿರದ ಲೆಕ್ಕ ಕಟ್ಟಿದ್ದ ಲೆಸ್ಟರ್ 2016ರ ಮೇ 2ರಂದು ಇಂಗ್ಲೆಂಡಿನ ಚಾಂಪಿಯನ್ ಆಯಿತು. ಷ್ಮೈಕೆಲ್, ಮಾರ್ಗನ್, ಹೂತ್, ಆಲ್‌ಬ್ರೈಟನ್, ಡ್ರಿಂಕ್‌ವಾಟರ್, ಮಾಹ್ರೆಜ್, ವಾರ್ಡಿ ಎಲ್ಲ ಪಿಯರ್ಸನ್ ಕಾಲದವರೇ. ಹೊಸದಾಗಿ ಸೇರಿದವರಲ್ಲಿ ಎನ್‌ಗೋಲೋ ಕಾಂಟೆ ಮುಖ್ಯ. ತಂತ್ರದ ಪಕ್ಷದವರಿಗೆ ನುಂಗಲಾರದ ತುತ್ತೆಂದರೆ, ತಂಡವನ್ನು ಉಳಿಸಿದ ಮೂವರ ರಕ್ಷಣೆಯನ್ನು ರಾನಿಯೇರಿ ಕೈಬಿಟ್ಟು, ಹಳೆಯ ನಾಲ್ವರ ವ್ಯೂಹದಲ್ಲೇ ಗೆದ್ದರು. ಹಾಗಾದರೆ ವ್ಯೂಹ ಕಾರಣವಲ್ಲವೇ? ಕಾಂಟೆಯಂತೆ ಇಬ್ಬರ ಕೆಲಸ ಒಬ್ಬನೇ ಮಾಡುವವನು ನಡುವೆ ಬಂದ ಮೇಲೆ ಹಿಂದೆ ಮೂರನೆಯವನ ಅಗತ್ಯವೇ ಉಳಿಯಲಿಲ್ಲ ಎಂದು ಅವರು ಸಮಜಾಯಿಷಿ ಕೊಟ್ಟರು. ಅದೂ ಒಪ್ಪಬಹುದಾದದ್ದೇ.

ಒಂಬತ್ತೇ ತಿಂಗಳಲ್ಲಿ, 2017ರ ಫೆಬ್ರುವರಿಯಲ್ಲಿ, ಅದೇ ಚಾಂಪಿಯನ್ ತಂಡ ಹಿಂಬಡ್ತಿಯ ವಲಯದಿಂದ ಒಂದೇ ಅಂಕ ಮೇಲಿತ್ತು. ಹೊಸ ವರ್ಷದಲ್ಲಿ ಲೀಗ್‌ನಲ್ಲಿ ಒಂದು ಗೋಲೂ ಹೊಡೆದಿರಲಿಲ್ಲ. ಕಾಂಟೆ ಚೆಲ್ಸಿ ಸೇರಿಯಾಗಿತ್ತು. ಫೆಬ್ರುವರಿ 23ರಂದು ರಾನಿಯೇರಿ ಅವರನ್ನು ತೆಗೆದರು. ನಾಲ್ಕೇ ದಿನಗಳಲ್ಲಿ, ಸಹಾಯಕರಾಗಿದ್ದ ಕ್ರೇಗ್ ಶೇಕ್ಸ್‌ಪಿಯರ್ ಕೈಗೆ ಬಂದ ಅವೇ ಆಟಗಾರರು ಲಿವರ್‌ಪೂಲ್ ತಂಡವನ್ನು 3-1ರಿಂದ ಮಣಿಸಿದರು. ಈ ಸಲ ಮಾತ್ರ 'ಮನಸ್ಸಿಲ್ಲ' ಎಂದವರ ವಾದಕ್ಕೆ ಬಲ ಬಂತು. ನಾಲ್ಕು ದಿನದಲ್ಲಿ ಕಲಿಸಬಹುದಾದ ತಂತ್ರ ಯಾವುದು? ಆಟಗಾರರು ಬೇಕೆಂದೇ ಕಾಲೆಳೆದರೇ ಎಂಬ ಕಹಿ ಪ್ರಶ್ನೆ ಲೆಸ್ಟರ್‌ನಲ್ಲಿ ಬಹುಕಾಲ ಉಳಿಯಿತು. 2023ರಲ್ಲಿ, ಕೊನೆಯ ದಿನ ಗೆದ್ದೂ, 34 ಅಂಕಗಳೊಂದಿಗೆ ತಂಡ ಕೆಳಗಿಳಿದಾಗ ಇದೇ ವಾದ ಮರುಕಳಿಸಿತು. 2024ರಲ್ಲಿ ಮೇಲೆ ಬಂದು 2025ರಲ್ಲಿ ಮತ್ತೆ ಬಿದ್ದಾಗ ಇನ್ನೊಮ್ಮೆ.

ಪಿಯರ್ಸನ್ ಕಥೆಗೂ ಒಂದು ಬಾಲವಿದೆ. 2019ರ ಡಿಸೆಂಬರ್‌ನಲ್ಲಿ ವಾಟ್‌ಫೋರ್ಡ್ ತಂಡ 15 ಪಂದ್ಯಗಳಲ್ಲಿ ಒಂದನ್ನಷ್ಟೇ ಗೆದ್ದು ತಳದಲ್ಲಿತ್ತು. ಹದಿನೈದನೆಯದರಲ್ಲಿ ಅದನ್ನು ಸೋಲಿಸಿದ್ದು ಲೆಸ್ಟರ್! ಆ ಋತುವಿನಲ್ಲಾಗಲೇ ಇಬ್ಬರು ಮ್ಯಾನೇಜರ್‌ಗಳನ್ನು ಕಳಿಸಿದ್ದ ವಾಟ್‌ಫೋರ್ಡ್ ಪಿಯರ್ಸನ್‌ಗೆ ಹೇಳಿಕಳಿಸಿತು. 2020ರ ಫೆಬ್ರುವರಿ 29ರಂದು, ಲೀಗ್‌ನಲ್ಲಿ 44 ಪಂದ್ಯಗಳಿಂದ ಸೋಲೇ ಕಾಣದಿದ್ದ ಲಿವರ್‌ಪೂಲ್ ತಂಡವನ್ನು ಅವರ ವಾಟ್‌ಫೋರ್ಡ್ 3-0ಯಿಂದ ಮಲಗಿಸಿತು. ನಂತರ ಕೊರೊನಾ ಬಂದು ಆಟ ನಿಂತು, ಮತ್ತೆ ಆರಂಭವಾಯಿತು. ಜುಲೈ 19ರಂದು, ಎರಡೇ ಪಂದ್ಯ ಉಳಿದಿದ್ದಾಗ, ತಂಡ ಹಿಂಬಡ್ತಿಯ ಗೆರೆಯಿಂದ ಮೂರು ಅಂಕ ಮೇಲಿದ್ದಾಗಲೇ, ಅವರನ್ನು ತೆಗೆದುಹಾಕಿದರು. ಉಳಿದ ಎರಡನ್ನೂ ಸೋತ ವಾಟ್‌ಫೋರ್ಡ್ ಜುಲೈ 26ರಂದು ಕೆಳಗಿಳಿಯಿತು. ಮೈದಾನಗಳ ಬಾಗಿಲು ಮುಚ್ಚಿದ್ದ ಕಾಲ; ಅಂದು ಕೂಗಲು, ಬೈಯಲು, ಚುಕ್ಕಿ ಇಟ್ಟು ವ್ಯೂಹ ತೋರಿಸಲು ಅಲ್ಲಿ ಒಬ್ಬ ಅಭಿಮಾನಿಯೂ ಇರಲಿಲ್ಲ. ಅವರೆಲ್ಲ ಮನೆಯಲ್ಲಿ ಟಿ.ವಿ. ಮುಂದೆ ಕೂತು, ಪಿಯರ್ಸನ್ ಇದ್ದಿದ್ದರೆ ಏನಾಗುತ್ತಿತ್ತು ಎಂದು ವಾದಿಸತೊಡಗಿದ್ದರು.